ಫಾಸ್ಟ್‌ಲೇನ್ ಕೆಂಪಾಗಿ ನಿಂತಾಗ: ತಪ್ಪು ಯಾವ ಹೆಜ್ಜೆಯದು ಎಂದು ಹಿಡಿಯುವ ಬಗೆ

ನಮ್ಮ ಆ್ಯಪ್‌ನ ಹೊಸ ಆವೃತ್ತಿಗೆ ಒಮ್ಮೆ ಬಿಡುಗಡೆಯ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದೆವು. ನಾಲ್ಕೇ ಸಾಲು. ನನ್ನ ಲ್ಯಾಪ್‌ಟಾಪ್‌ನಲ್ಲಿ ಫಾಸ್ಟ್‌ಲೇನ್ (ಕೋಡ್‌ನಿಂದ ಆ್ಯಪ್ ಕಟ್ಟಿ, ಅಂದರೆ ಬಿಲ್ಡ್ ಮಾಡಿ, ಸ್ಟೋರ್‌ಗೆ ಕಳಿಸುವ ಟೂಲ್) ಓಡಿಸಿದಾಗ ಎಲ್ಲವೂ ಸರಿಯಾಗಿ ನಡೆಯಿತು. ರಾತ್ರಿ ಹನ್ನೊಂದಕ್ಕೆ ಆಫೀಸಿನ ಮ್ಯಾಕ್ ಮಿನಿ ಅದೇ ಕೆಲಸವನ್ನು ತಾನಾಗಿ ಶುರು ಮಾಡಿ, ಎರಡನೇ ನಿಮಿಷಕ್ಕೇ ನಿಂತಿತು. ಬೆಳಿಗ್ಗೆ ಬಂದು ನೋಡಿದರೆ ಕೆಂಪು ಅಕ್ಷರದಲ್ಲಿ ಒಂದು ಸಾಲು: 'ಇನ್‌ವ್ಯಾಲಿಡ್ ಬೈಟ್ ಸೀಕ್ವೆನ್ಸ್ ಇನ್ ಯುಎಸ್-ಆಸ್ಕಿ'.

ನಾವು ಮೊದಲು ಮಾಡಿದ್ದು ಟಿಪ್ಪಣಿಯನ್ನು ಇಂಗ್ಲಿಷಿಗೆ ಬದಲಿಸುವ ಕೆಲಸ. ಬಿಲ್ಡ್ ಓಡಿತು. ಸಮಾಧಾನವೂ ಆಯಿತು. ಆದರೆ ತಪ್ಪು ಟಿಪ್ಪಣಿಯದಾಗಿರಲಿಲ್ಲ. ಮ್ಯಾಕ್ ಮಿನಿಯಲ್ಲಿ ಆ ಕೆಲಸ ಗೊತ್ತುಪಡಿಸಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಶುರುವಾಗುತ್ತಿತ್ತು. ನಾವು ಶೆಲ್‌ನಲ್ಲಿ ಮಾಡಿಟ್ಟ ಸೆಟ್ಟಿಂಗ್ ಯಾವುದೂ ಕ್ರಾನ್‌ಗೆ ಸಿಗುವುದಿಲ್ಲ. ಭಾಷೆಯ ಸೆಟ್ಟಿಂಗ್ ಇಲ್ಲದಿದ್ದರೆ ಫಾಸ್ಟ್‌ಲೇನ್ ಓಡಿಸುವ ರೂಬಿ ತಾನು ಓದುವ ಫೈಲನ್ನು ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರಗಳ ಹಳೆಯ ಸಂಕೇತ ಪದ್ಧತಿಯದ್ದು, ಎಂದೇ ತಿಳಿಯುತ್ತದೆ. ಆಸ್ಕಿಯಲ್ಲಿರುವುದು 128 ಗುರುತು ಮಾತ್ರ. ಕನ್ನಡದ ಒಂದೊಂದು ಯೂನಿಕೋಡ್ ಗುರುತಿಗೂ ಎಲ್ಲ ಭಾಷೆಗಳ ಅಕ್ಷರಗಳನ್ನು ಇಡಬಲ್ಲ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. 'ಕ್ಷೇ' ನಮ್ಮ ಕಣ್ಣಿಗೆ ಒಂದು ಅಕ್ಷರ. ಯಂತ್ರಕ್ಕೆ ಅದು ಕ, ಹಲಂತ (್), ಷ, ಏತ್ವ ಸೇರಿ 4 ಗುರುತು, 12 ಬೈಟ್. ಫಾಸ್ಟ್‌ಲೇನ್ ಹೆಜ್ಜೆಗಳನ್ನು ಬರೆದಿಟ್ಟ ನಮ್ಮ ಫಾಸ್ಟ್‌ಫೈಲ್‌ನಲ್ಲಿ ಆ ಟಿಪ್ಪಣಿಯನ್ನು ಓದಿ ಸಾಲು ಸಾಲಾಗಿ ಒಡೆಯುವ ಒಂದು ತುಂಡು ರೂಬಿ ಕೋಡ್ ಇತ್ತು. ಅದು ಅಲ್ಲಿಯೇ ಸಿಕ್ಕಿಬಿತ್ತು.

ಇದನ್ನು ಕಂಡುಹಿಡಿಯಲು ನಮಗೆ ಅರ್ಧ ದಿನ ಬೇಕಾಯಿತು. ಉತ್ತರ ಮಾತ್ರ ಲಾಗ್‌ನ (ನಡೆದದ್ದರ ದಾಖಲೆಯ) ಆರಂಭದಲ್ಲೇ ಇತ್ತು. ಲೊಕೇಲ್ (ಆ ಭಾಷೆಯ ಸೆಟ್ಟಿಂಗ್) ಯುಟಿಎಫ್-8 ಆಗಿಲ್ಲ ಎಂದು ಫಾಸ್ಟ್‌ಲೇನ್ ಶುರುವಿನಲ್ಲೇ ಎಚ್ಚರಿಕೆ ಕೊಡುತ್ತದೆ. ನಾವೆಲ್ಲ ಲಾಗ್‌ನ ಕೊನೆಯ ಸಾಲನ್ನು ನೋಡುತ್ತಾ ಕೂತಿದ್ದೆವು.

ಅಂದಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬಿಲ್ಡ್ ಫೇಲ್ ಆದರೆ ಕೈ ಹಾಕುವ ಮೊದಲು ಒಂದೇ ಪ್ರಶ್ನೆ: ನಿಂತಿರುವುದು ಯಾರ ಬಾಗಿಲಲ್ಲಿ? ನಮ್ಮ ಯಂತ್ರದ್ದೋ, ಸೈನಿಂಗ್‌ನದ್ದೋ (ಆ್ಯಪ್ ನಮ್ಮದೇ ಎಂದು ಡಿಜಿಟಲ್ ಸಹಿ ಹಾಕುವ ಹೆಜ್ಜೆ), ಆ್ಯಪಲ್‌ನದ್ದೋ, ಗೂಗಲ್‌ನದ್ದೋ? ಇದು ಗೊತ್ತಾಗುವ ಮೊದಲು ಏನನ್ನು ಬದಲಿಸಿದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಫಾಸ್ಟ್‌ಲೇನ್ ಹೊಸಬರಿಗಾಗಿ ಎರಡು ಮಾತು. ಇದು ಆಸ್ಟ್ರಿಯಾದ ಫೆಲಿಕ್ಸ್ ಕ್ರೌಸ 2014ರಲ್ಲಿ ಶುರು ಮಾಡಿದ, ರೂಬಿಯಲ್ಲಿ ಬರೆದ, ಎಲ್ಲರಿಗೂ ತೆರೆದಿರುವ ಟೂಲ್. ಐಫೋನ್ ಮತ್ತು ಆಂಡ್ರಾಯ್ಡ್ ಆ್ಯಪ್‌ಗಳನ್ನು ಬಿಲ್ಡ್ ಮಾಡಿ, ಸೈನ್ ಮಾಡಿ, ಸ್ಟೋರ್‌ಗೆ ಕಳಿಸುವ ತನಕದ ಕೆಲಸವನ್ನು ಟರ್ಮಿನಲ್‌ನಲ್ಲಿ ಒಂದು ಕಮಾಂಡ್‌ಗೆ ಇಳಿಸುತ್ತದೆ. ಹೆಜ್ಜೆಗಳನ್ನು ಫಾಸ್ಟ್‌ಫೈಲ್ ಎಂಬ ಫೈಲ್‌ನಲ್ಲಿ ಬರೆದಿಡುತ್ತೇವೆ. ಅಂಥ ಒಂದು ಸರಣಿಗೆ ಲೇನ್ ಎಂದು ಹೆಸರು. ಸಾಮಾನ್ಯ ಐಫೋನ್ ಲೇನ್‌ನಲ್ಲಿ ಮ್ಯಾಚ್ ಸೈನ್ ಮಾಡಲು ಬೇಕಾದ ಸರ್ಟಿಫಿಕೇಟ್ ತರುತ್ತದೆ, ಜಿಮ್ ಬಿಲ್ಡ್ ಮಾಡುತ್ತದೆ, ಪೈಲಟ್ ಅದನ್ನು ಟೆಸ್ಟ್‌ಫ್ಲೈಟ್‌ಗೆ (ಆ್ಯಪಲ್‌ನ ಪರೀಕ್ಷಾ ಆವೃತ್ತಿ ಹಂಚುವ ಜಾಗ) ಕಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಗ್ರೇಡಲ್ ಬಿಲ್ಡ್ ಮಾಡಿದರೆ ಸಪ್ಲೈ ಪ್ಲೇ ಸ್ಟೋರ್‌ಗೆ ಒಯ್ಯುತ್ತದೆ. ಕಮಾಂಡ್ ಒಂದೇ ಆದರೂ ಒಳಗೆ ನಾಲ್ಕೈದು ಜನರ ಬಾಗಿಲು ತಟ್ಟಿ ಬರುವ ಕೆಲಸ ಅದು.

ಮೊದಲು ಲಾಗ್

ಲೇನ್ ಮುಗಿದಾಗ, ಗೆದ್ದರೂ ಸೋತರೂ, ಫಾಸ್ಟ್‌ಲೇನ್ ಒಂದು ಪಟ್ಟಿ ಕೊಡುತ್ತದೆ. ಹೆಜ್ಜೆಯ ಸಂಖ್ಯೆ, ಹೆಸರು, ತೆಗೆದುಕೊಂಡ ಸೆಕೆಂಡ್. ನಿಂತ ಹೆಜ್ಜೆಯ ಪಕ್ಕದಲ್ಲಿ ಸಿಡಿದ ಗುರುತು ಇರುತ್ತದೆ. ಸುಮಾರು ಜನ ಹೆಸರು ನೋಡಿ ಬಿಟ್ಟುಬಿಡುತ್ತಾರೆ. ನಾನು ಸೆಕೆಂಡ್ ಕೂಡ ನೋಡುತ್ತೇನೆ. ಅಪ್‌ಲೋಡ್ ಒಂದೆರಡು ಸೆಕೆಂಡಿನಲ್ಲಿ ನಿಂತಿದ್ದರೆ ಫೈಲ್ ಹೊರಟೇ ಇಲ್ಲ, ಬಾಗಿಲಲ್ಲೇ ತಡೆದಿದ್ದಾರೆ. ಅಂದರೆ ಕೀ ಅಥವಾ ಪರ್ಮಿಷನ್ ನೋಡಬೇಕು. ಬಿಲ್ಡ್ ದಿನವೂ ತೆಗೆದುಕೊಳ್ಳುವಷ್ಟು ಹೊತ್ತು ಓಡಿ ಕೊನೆಯಲ್ಲಿ ಬಿದ್ದಿದ್ದರೆ ಕೋಡ್ ಕಂಪೈಲ್ ಆಗಿದೆ, ಸೈನಿಂಗ್‌ನಲ್ಲೋ ಎಕ್ಸ್‌ಪೋರ್ಟ್‌ನಲ್ಲೋ ಎಡವಿದೆ ಎಂದು ನನ್ನ ಮೊದಲ ಗುಮಾನಿ. ಸರಿಯಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ನಿಂತಿದ್ದರೆ ಅದು ಯಾವುದೋ ಗಡುವು. ಇವು ಖಚಿತ ಸಾಕ್ಷಿಯಲ್ಲ, ಆದರೆ ಯಾವ ಕಡೆ ಹುಡುಕಬೇಕು ಎಂದು ಹೇಳುತ್ತವೆ.

ಆ್ಯಪಲ್‌ನ ಬಿಲ್ಡ್ ಟೂಲ್ ಎಕ್ಸ್‌ಕೋಡ್‌ಬಿಲ್ಡ್ ಬಿದ್ದಾಗ ಬರುವ 'ಎಕ್ಸಿಟ್ ಸ್ಟೇಟಸ್ 65' ಎಂಬ ಸಾಲನ್ನು ಹಿಡಿದು ಹುಡುಕಲು ಹೋಗಬೇಡಿ. ಬಿಲ್ಡ್ ಆಗಲಿಲ್ಲ ಎನ್ನುವುದಕ್ಕಿಂತ ಜಾಸ್ತಿ ಏನನ್ನೂ ಆ 65 ಹೇಳುವುದಿಲ್ಲ. ಪರದೆಯ ಮೇಲೆ ಕಾಣುವುದು ಚೆಂದ ಮಾಡಿದ, ಮೊಟಕುಗೊಳಿಸಿದ ಲಾಗ್. ಪೂರ್ತಿ ಲಾಗ್ ಮ್ಯಾಕ್‌ನ ಹೋಮ್ ಫೋಲ್ಡರ್‌ನಲ್ಲಿ ಲೈಬ್ರರಿ, ಅದರೊಳಗೆ ಲಾಗ್ಸ್, ಅದರೊಳಗೆ ಜಿಮ್ ಎಂಬಲ್ಲಿ ಇರುತ್ತದೆ. ಅದನ್ನು ತೆರೆದು 'ಎರರ್' ಪದದ ಪಕ್ಕ ಕೋಲನ್ ಇರುವ ಮೊದಲ ಸಾಲನ್ನು ಹುಡುಕಿ. ಕೊನೆಯದನ್ನಲ್ಲ, ಮೊದಲನೆಯದನ್ನು. ಮಿಕ್ಕಿದ್ದು ಬಹುಪಾಲು ಅದರ ಹಿಂದೆ ಬಂದದ್ದೇ ಆಗಿರುತ್ತದೆ.

ಅದರಿಂದಲೂ ತಿಳಿಯದಿದ್ದರೆ ಕಮಾಂಡ್ ಕೊನೆಗೆ '--ವರ್ಬೋಸ್' ಸೇರಿಸಿ ಮತ್ತೆ ಓಡಿಸಿ. ಪೂರ್ತಿ ಲೇನ್ ಓಡಿಸಬೇಕೆಂದೇನೂ ಇಲ್ಲ. 'ಫಾಸ್ಟ್‌ಲೇನ್ ರನ್' ಎಂದು ಬರೆದು ಮುಂದೆ ಒಂದೇ ಹೆಜ್ಜೆಯ ಹೆಸರು ಕೊಟ್ಟರೆ ಅದೊಂದೇ ನಡೆಯುತ್ತದೆ. ಇಪ್ಪತ್ತು ನಿಮಿಷದ ಬಿಲ್ಡ್ ಮುಗಿಯಲಿ ಎಂದು ಪ್ರತಿ ಸಲ ಕಾಯುತ್ತಾ ಕೂರುವುದು ತಪ್ಪುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಅಲ್ವಾ?

ನನ್ನ ಯಂತ್ರದಲ್ಲಿ ಓಡುತ್ತದೆ, ಅಲ್ಲಿ ಓಡುವುದಿಲ್ಲ

ಹೀಗಿದ್ದರೆ ಕೋಡ್ ಮುಟ್ಟಬೇಡಿ. ಎರಡೂ ಕಡೆ ಕೋಡ್ ಒಂದೇ. ಬೇರೆಯಾಗಿರುವುದು ಸುತ್ತಲಿನ ಸೆಟ್ಟಿಂಗ್.

ಎರಡೂ ಯಂತ್ರಗಳಲ್ಲಿ 'ಫಾಸ್ಟ್‌ಲೇನ್ ಎನ್ವ್' ಓಡಿಸಿ, ಬಂದದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಲೊಕೇಲ್, ರೂಬಿಯ ಆವೃತ್ತಿ, ಎಕ್ಸ್‌ಕೋಡ್‌ನ ಆವೃತ್ತಿ, ಪ್ಲಗಿನ್‌ಗಳು ಎಲ್ಲ ಅದರಲ್ಲಿರುತ್ತವೆ. ಒಂದು ಎಚ್ಚರ. ಸರ್ವರ್‌ಗೆ ಕೈಯಾರೆ ಲಾಗಿನ್ ಆಗಿ ಓಡಿಸಿದರೆ ನಿಮ್ಮ ಶೆಲ್‌ನ ಸೆಟ್ಟಿಂಗ್ ಬಂದುಬಿಡುತ್ತದೆ, ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ. ನಮಗೆ ಅರ್ಧ ದಿನ ಹಿಡಿದದ್ದು ಇದಕ್ಕೇ. ಆ ಕಮಾಂಡ್‌ ಅನ್ನು ಕ್ರಾನ್‌ನಿಂದಲೇ ಅಥವಾ ಬಿಲ್ಡ್‌ಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್‌ನ ಜಾಬ್ ಒಳಗಿಂದಲೇ ಓಡಿಸಬೇಕು.

ಲೊಕೇಲ್ ತೊಂದರೆಗೆ ಮದ್ದು ಸುಲಭ. 'ಎಲ್‌ಸಿ_ಆಲ್' ಮತ್ತು 'ಲ್ಯಾಂಗ್' ಎಂಬ ಎರಡು ವೇರಿಯಬಲ್‌ಗೂ 'ಇಎನ್_ಯುಎಸ್.ಯುಟಿಎಫ್-8' ಎಂದು ಕೊಡಿ. ಕ್ರಾನ್ ಓಡಿಸುವ ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಇರಲಿ. ಇಂಗ್ಲಿಷ್ ಹೆಸರಿದೆ ಎಂದು ಅನುಮಾನ ಬೇಡ, ಕನ್ನಡದ ಫೈಲ್‌ಗಳಿಗೂ ಬೇಕಾದದ್ದು ಆ ಯುಟಿಎಫ್-8 ಭಾಗವೇ. ನಾವು ಹೀಗೆ ಮಾಡಿ ಟಿಪ್ಪಣಿಯನ್ನು ಮತ್ತೆ ಕನ್ನಡಕ್ಕೆ ತಂದೆವು. ತೊಂದರೆ ಬಂದಾಗ ಮೊದಲು ಕನ್ನಡವನ್ನೇ ತೆಗೆದುಹಾಕಿದ್ದೆವಲ್ಲ, ಅದು ನನಗೆ ಇಂದಿಗೂ ಬೇಸರದ ವಿಷಯ.

ರೂಬಿಯ ವಿಷಯಕ್ಕೆ ಬಂದರೆ, ಮ್ಯಾಕ್ ಜೊತೆ ಬರುವ ರೂಬಿ 2.6 ಹಳೆಯದು. ಅದನ್ನು ಬಳಸಬೇಡಿ. ಆರ್‌ಬಿಎನ್ವ್‌ನಂಥದ್ದರಿಂದ ಬೇರೆ ರೂಬಿ ಹಾಕಿಕೊಳ್ಳಿ. ಪ್ರಾಜೆಕ್ಟ್‌ನಲ್ಲಿ ಜೆಮ್‌ಗಳ (ರೂಬಿ ಪ್ಯಾಕೇಜ್‌ಗಳ) ಪಟ್ಟಿಯಾದ ಜೆಮ್‌ಫೈಲ್ ಇಟ್ಟು, ಅವುಗಳ ಆವೃತ್ತಿಯನ್ನು ಕಟ್ಟಿಡುವ ಜೆಮ್‌ಫೈಲ್ ಲಾಕ್ ಕೂಡ ಗಿಟ್‌ಗೆ ಸೇರಿಸಿ, ಯಾವಾಗಲೂ 'ಬಂಡಲ್ ಎಕ್ಸೆಕ್ ಫಾಸ್ಟ್‌ಲೇನ್' ಎಂದೇ ಓಡಿಸಿ. ಆಗ ಎಲ್ಲರ ಯಂತ್ರದಲ್ಲೂ ಒಂದೇ ಆವೃತ್ತಿ ಓಡುತ್ತದೆ. ನಿನ್ನೆ ತನಕ ಓಡುತ್ತಿದ್ದ ಬಿಲ್ಡ್ ಯಾರೂ ಏನೂ ಮುಟ್ಟದೆ ಇಂದು ಬಿದ್ದರೆ, ಯಾವುದೋ ಜೆಮ್ ತಾನಾಗಿ ಹೊಸದಾಗಿದೆಯಾ ಎಂದು ನೋಡಿ. ಲಾಕ್ ಫೈಲ್ ಇಲ್ಲದ ಕಡೆ ಇದು ಜಾಸ್ತಿ.

ಆಂಡ್ರಾಯ್ಡ್ ಕಡೆ ಇದೇ ಬಗೆಯ ಕಾಟ ಜಾವಾದಿಂದ ಬರುತ್ತದೆ. 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65' ಎಂದು ಬಂದರೆ ಅಲ್ಲಿ ಓಡುತ್ತಿರುವುದು ಜಾವಾ 21, ನಿಮ್ಮ ಗ್ರೇಡಲ್ ಅದಕ್ಕಿಂತ ಹಳೆಯದು. 61 ಎಂದರೆ ಜಾವಾ 17. ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ರಿಂದ ಮುಂದೆ ಕನಿಷ್ಠ ಜಾವಾ 17 ಬೇಕೇ ಬೇಕು. ಆಂಡ್ರಾಯ್ಡ್ ಸ್ಟುಡಿಯೋ ತನ್ನದೇ ಜಾವಾ ಇಟ್ಟುಕೊಂಡಿರುತ್ತದೆ. ಹಾಗಾಗಿ ಸ್ಟುಡಿಯೋದಲ್ಲಿ ಓಡಿದ್ದು ಟರ್ಮಿನಲ್‌ನಲ್ಲಿ ಓಡದೇ ಇರಬಹುದು. 'ಜಾವಾ_ಹೋಮ್' ಎಲ್ಲಿಗೆ ತೋರಿಸುತ್ತಿದೆ ನೋಡಿ.

ದೊಡ್ಡ ಐಫೋನ್ ಪ್ರಾಜೆಕ್ಟ್‌ಗಳಲ್ಲಿ ಇನ್ನೊಂದಿದೆ. ಬಿಲ್ಡ್ ಶುರುವಾಗುವ ಮೊದಲೇ 'ಶೋ ಬಿಲ್ಡ್ ಸೆಟ್ಟಿಂಗ್ಸ್' ಟೈಮ್‌ಔಟ್ ಎಂದು ಬರುತ್ತದೆ. ಫಾಸ್ಟ್‌ಲೇನ್ ಆ ಉತ್ತರಕ್ಕೆ ಮೊದಲ ಸಲ ಕಾಯುವುದು 3 ಸೆಕೆಂಡ್. ಹೊರಗಿನ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳಬೇಕಾದ ಪ್ರಾಜೆಕ್ಟ್‌ಗೆ ಅದು ಸಾಲದು. 'ಫಾಸ್ಟ್‌ಲೇನ್_ಎಕ್ಸ್‌ಕೋಡ್‌ಬಿಲ್ಡ್_ಸೆಟ್ಟಿಂಗ್ಸ್_ಟೈಮ್‌ಔಟ್' ಎಂಬ ವೇರಿಯಬಲ್‌ಗೆ 120 ಕೊಟ್ಟು ನೋಡಿ.

ಸೈನಿಂಗ್: ಜಾಸ್ತಿ ಹೊತ್ತು ತಿನ್ನುವ ಜಾಗ

ಐಫೋನ್ ಬಿಲ್ಡ್‌ಗಳಲ್ಲಿ ನಾನು ಕಳೆದ ಹೊತ್ತಿನಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗಿದೆ. ಇಲ್ಲಿ ಎರರ್ ಸಂದೇಶ ಒಂದು ಹೇಳಿದರೆ ಕಾರಣ ಬೇರೆ ಇರುತ್ತದೆ. ಕೆಲವು ಸಲ ಎರರ್ ಕೂಡ ಇರುವುದಿಲ್ಲ. ಬಿಲ್ಡ್ ಸುಮ್ನೆ ನಿಂತಿರುತ್ತದೆ.

ಹಾಗೆ ಸುಮ್ನೆ ನಿಂತದ್ದನ್ನು ಮೊದಲು ಹೇಳುತ್ತೇನೆ. ಲಾಗ್‌ನಲ್ಲಿ ಕೊನೆಯ ಸಾಲು ಸೈನಿಂಗ್ ಎಂದಿದೆ, ಮುಂದೆ ಏನೂ ಇಲ್ಲ. ನಾವು ಒಮ್ಮೆ ಇಡೀ ರಾತ್ರಿ ಹಾಗೆ ಬಿಟ್ಟಿದ್ದೆವು. ಬೆಳಿಗ್ಗೆ ಒಬ್ಬರು ಮ್ಯಾಕ್ ಮಿನಿಗೆ ಮಾನಿಟರ್ ಸಿಕ್ಕಿಸಿ ನೋಡಿದರೆ ಪರದೆಯ ನಡುವೆ ಒಂದು ಪುಟ್ಟ ಕಿಟಕಿ: ಕೋಡ್‌ಸೈನ್ ನಿಮ್ಮ ಕೀಚೈನ್‌ನಲ್ಲಿರುವ (ಮ್ಯಾಕ್‌ನ ಕೀ ಪೆಟ್ಟಿಗೆಯಲ್ಲಿರುವ) ಕೀ ಬಳಸಲು ಕೇಳುತ್ತಿದೆ, ಪಾಸ್‌ವರ್ಡ್ ಕೊಡಿ. ಅದು ರಾತ್ರಿಯಿಡೀ ಯಾರಾದರೂ ಬರಲಿ ಎಂದು ಕಾಯುತ್ತಿತ್ತು. ಎಸ್‌ಎಸ್‌ಎಚ್ ಮೂಲಕ ದೂರದಿಂದ ಓಡಿಸಿದರೆ ಕಿಟಕಿ ತೆರೆಯಲು ಪರದೆಯೇ ಇರುವುದಿಲ್ಲ. ಆಗ 'ಎರ್‌ಸೆಕ್‌ಇಂಟರ್ನಲ್‌ಕಾಂಪೊನೆಂಟ್' ಎಂಬ ಏನೂ ಅರ್ಥವಾಗದ ಎರರ್ ಬರುತ್ತದೆ. ಎರಡರ ಬೇರೂ ಒಂದೇ. ಕೀಚೈನ್ ಬೀಗ ಹಾಕಿದೆ, ಇಲ್ಲವೇ ಕೀ ಮುಟ್ಟಲು ಕೋಡ್‌ಸೈನ್‌ಗೆ ಒಪ್ಪಿಗೆ ಇಲ್ಲ.

ಆ ಕಿಟಕಿಯಲ್ಲಿ 'ಆಲ್ವೇಸ್ ಅಲೋ' ಒತ್ತಿ ಮುಗಿಸಬೇಡಿ. ಸರ್ಟಿಫಿಕೇಟ್ ಬದಲಾದ ದಿನ ಮತ್ತೆ ಅದೇ ಕತೆ. ಲೇನ್‌ನ ಮೊದಲಲ್ಲಿ 'ಸೆಟಪ್_ಸಿಐ' ಎಂಬ ಹೆಜ್ಜೆ ಸೇರಿಸಿ. ಅದು ಈ ಬಿಲ್ಡ್‌ಗೆಂದೇ ಒಂದು ತಾತ್ಕಾಲಿಕ ಕೀಚೈನ್ ಮಾಡುತ್ತದೆ, ಮ್ಯಾಚ್ ಆ ಕೀಚೈನ್‌ಗೇ ಕೀ ಹಾಕುವಂತೆ ನೋಡಿಕೊಳ್ಳುತ್ತದೆ, ಮ್ಯಾಚ್ ಅನ್ನು ರೀಡ್‌ಓನ್ಲಿ (ಇರುವುದನ್ನು ಓದುವುದಷ್ಟೇ, ಹೊಸದು ಮಾಡದಂತೆ) ಕೂಡ ಮಾಡುತ್ತದೆ. ಇಲ್ಲಿ ಎಡವಿ ಬೀಳುವಂಥ ಎರಡು ಜಾಗಗಳಿವೆ. ಮೊದಲನೆಯದು, ತಾನು ಜೆಂಕಿನ್ಸ್‌ನಂಥ ಸಿಐ ಸರ್ವರ್‌ನಲ್ಲಿದ್ದೇನೆ ಎಂದು ಗೊತ್ತಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಮ್ಮ ಹಾಗೆ ಕ್ರಾನ್‌ನಿಂದ ಓಡಿಸುವವರಿಗೆ ಅದು ಏನೂ ಮಾಡದೆ ಮುಂದೆ ಹೋಗುತ್ತದೆ. ಅಂಥ ಕಡೆ 'ಫೋರ್ಸ್' ಎಂಬುದಕ್ಕೆ 'ಟ್ರೂ' ಕೊಡಬೇಕು. ಎರಡನೆಯದು, ಆ ಕೀಚೈನ್‌ನ ಗಡುವು 3600 ಸೆಕೆಂಡ್. ಟೆಸ್ಟ್, ಬಿಲ್ಡ್ ಎಲ್ಲ ಸೇರಿ ಒಂದು ಗಂಟೆ ದಾಟಿದರೆ ಸೈನ್ ಮಾಡುವ ಹೊತ್ತಿಗೆ ಬೀಗ ಬಿದ್ದಿರುತ್ತದೆ. ಸಣ್ಣ ಬಿಲ್ಡ್ ಗೆಲ್ಲುತ್ತದೆ, ದೊಡ್ಡದು ಬೀಳುತ್ತದೆ, ಏಕೆಂದು ಯಾರಿಗೂ ತಿಳಿಯುವುದಿಲ್ಲ. 'ಟೈಮ್‌ಔಟ್' ಜಾಸ್ತಿ ಮಾಡಿ, ಅಥವಾ 0 ಕೊಟ್ಟು ಗಡುವನ್ನೇ ತೆಗೆಯಿರಿ.

ಕೀಚೈನ್ ಸರಿ ಇದ್ದೂ ಸೈನ್ ಆಗದಿದ್ದರೆ ಟರ್ಮಿನಲ್‌ನಲ್ಲಿ 'ಸೆಕ್ಯುರಿಟಿ ಫೈಂಡ್-ಐಡೆಂಟಿಟಿ -ವಿ -ಪಿ ಕೋಡ್‌ಸೈನಿಂಗ್' ಎಂದು ಕೇಳಿ. ಸೈನ್ ಮಾಡಲು ಯೋಗ್ಯವಾದ ಗುರುತುಗಳ ಪಟ್ಟಿ ಬರುತ್ತದೆ. ಕೀಚೈನ್ ಆ್ಯಪ್‌ನಲ್ಲಿ ಸರ್ಟಿಫಿಕೇಟ್ ಕಣ್ಣಿಗೆ ಕಾಣುತ್ತಿದೆ, ಆದರೆ ಈ ಪಟ್ಟಿಯಲ್ಲಿ ಸೊನ್ನೆ ಎಂದಿದ್ದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು. ಸರ್ಟಿಫಿಕೇಟ್ ಇದೆ, ಅದರ ಪ್ರೈವೇಟ್ ಕೀ ಬಂದಿಲ್ಲ. ಅವಧಿ ಮುಗಿದಿದೆ, ಆ್ಯಪಲ್‌ನ ಡಿಸ್ಟ್ರಿಬ್ಯೂಷನ್ ಸರ್ಟಿಫಿಕೇಟ್‌ಗೆ ಒಂದು ವರ್ಷವಷ್ಟೇ ಆಯಸ್ಸು. ಅಥವಾ ನಮ್ಮ ಸರ್ಟಿಫಿಕೇಟನ್ನು ಆ್ಯಪಲ್‌ನ ಮೂಲ ಸರ್ಟಿಫಿಕೇಟ್‌ಗೆ ಜೋಡಿಸುವ, ನಡುವಿನ ಡಬ್ಲ್ಯುಡಬ್ಲ್ಯುಡಿಆರ್ ಸರ್ಟಿಫಿಕೇಟ್ ಇಲ್ಲ. ಹಳೆಯ ಡಬ್ಲ್ಯುಡಬ್ಲ್ಯುಡಿಆರ್‌ನ ಅವಧಿ 2023ರ ಫೆಬ್ರುವರಿ 7ಕ್ಕೆ ಮುಗಿಯಿತು. ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ಬಿಲ್ಡ್ ಯಂತ್ರವನ್ನು ಎಬ್ಬಿಸಿದರೆ ಇದನ್ನು ನೋಡಲೇಬೇಕು.

ಪ್ರೊಫೈಲ್ (ಯಾವ ಆ್ಯಪ್, ಯಾವ ಸರ್ಟಿಫಿಕೇಟ್, ಯಾವ ಅನುಕೂಲ ಎಂದು ಹೇಳುವ ಆ್ಯಪಲ್‌ನ ಫೈಲ್) ಹೊಂದುತ್ತಿಲ್ಲ ಎಂದು ಬಂದರೆ ಇತ್ತೀಚೆಗೆ ಯಾರು ಏನು ಸೇರಿಸಿದರು ಎಂದು ಕೇಳಿ. ಪುಶ್ ನೋಟಿಫಿಕೇಶನ್‌ನಂಥ ಹೊಸ ಅನುಕೂಲ ಸೇರಿಸಿದರೆ ಹಳೆಯ ಪ್ರೊಫೈಲ್‌ಗೆ ಅದು ಗೊತ್ತಿರುವುದಿಲ್ಲ. ವಿಜೆಟ್ ಸೇರಿಸಿದರೆ ಅದಕ್ಕೂ ಬೇರೆ ಐಡಿ, ಬೇರೆ ಪ್ರೊಫೈಲ್ ಬೇಕು. ಮ್ಯಾಚ್‌ಗೆ ಕೊಡುವ ಐಡಿಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿ, ಒಬ್ಬರ ಲ್ಯಾಪ್‌ಟಾಪ್‌ನಿಂದ ಪ್ರೊಫೈಲ್ ಹೊಸದಾಗಿ ಮಾಡಿ. ಸರ್ವರ್ ರೀಡ್‌ಓನ್ಲಿ ಆಗಿಯೇ ಇರಲಿ.

ಈಗ ಮ್ಯಾಚ್ ನ್ಯೂಕ್ ಬಗ್ಗೆ. ಇದನ್ನು ನಿಧಾನವಾಗಿ ಓದಿ. ಮ್ಯಾಚ್ ನಿಮ್ಮ ಸರ್ಟಿಫಿಕೇಟ್‌ಗಳನ್ನೂ ಕೀಗಳನ್ನೂ ಪಾಸ್‌ಫ್ರೇಸ್ ಹಾಕಿ ಮುಚ್ಚಿ, ಖಾಸಗಿ ಗಿಟ್ ರೆಪೊದಂಥ ಒಂದು ಕಡೆ ಇಡುತ್ತದೆ. 'ನ್ಯೂಕ್' ಎಂಬುದು ಆ ಬಗೆಯ ಸರ್ಟಿಫಿಕೇಟ್ ಮತ್ತು ಪ್ರೊಫೈಲ್‌ಗಳನ್ನು ಆ್ಯಪಲ್‌ನ ಕಡೆಯಿಂದಲೇ ರದ್ದು ಮಾಡುತ್ತದೆ. ನಿಮ್ಮ ಒಂದು ಆ್ಯಪ್‌ನದ್ದಷ್ಟೇ ಅಲ್ಲ, ಇಡೀ ಟೀಮ್ ಅಕೌಂಟ್‌ನದ್ದು. ಹಿಂದೆ ನಾನಿದ್ದ ಒಂದು ಕಡೆ ಹೊಸದಾಗಿ ಸೇರಿದ ಹುಡುಗನೊಬ್ಬ ಸೈನಿಂಗ್ ತೊಂದರೆಗೆ ಉತ್ತರ ಹುಡುಕಿ, ಎಲ್ಲೋ ಓದಿ ಇದನ್ನು ಓಡಿಸಿದ. ಅವನ ತೊಂದರೆ ಬಗೆಹರಿಯಿತು. ಪಕ್ಕದ ಟೀಮಿನ ಮೂರು ಆ್ಯಪ್‌ಗಳ ಬಿಲ್ಡ್ ಅದೇ ಸಂಜೆ ನಿಂತಿತು. ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ, ಹಾಗಾಗಿ ತಪ್ಪು ನಮ್ಮೆಲ್ಲರದು. ಆ್ಯಪ್ ಸ್ಟೋರ್‌ನಲ್ಲಿ ಆಗಲೇ ಇರುವ ಆ್ಯಪ್‌ಗಳಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಎಂಟರ್‌ಪ್ರೈಸ್ ಅಕೌಂಟ್‌ನಿಂದ ನೌಕರರಿಗೆ ಕೊಟ್ಟ ಆ್ಯಪ್‌ಗಳು ಸರ್ಟಿಫಿಕೇಟ್ ರದ್ದಾದರೆ ತೆರೆಯುವುದೇ ಇಲ್ಲ. ಕೀ ಕಳವಾಗಿದೆ ಎಂಬ ಅನುಮಾನವಿದ್ದರೆ ನ್ಯೂಕ್‌ಗೆ ಅರ್ಥವಿದೆ. ಬಿಲ್ಡ್ ಫೇಲ್ ಆಯಿತು ಎಂಬುದಕ್ಕೆ ಅದು ಮದ್ದೇ ಅಲ್ಲ.

ಆ್ಯಪಲ್‌ನ ಬಾಗಿಲು

ಸರ್ವರ್‌ನಲ್ಲಿ ಆ್ಯಪಲ್ ಐಡಿ ಮತ್ತು ಪಾಸ್‌ವರ್ಡ್ ಇಟ್ಟು ಓಡಿಸುತ್ತಿದ್ದರೆ ತೊಂದರೆ ಬಂದೇ ಬರುತ್ತದೆ. ಎರಡನೇ ಹಂತದ ಕೋಡ್ ಯಾರದೋ ಫೋನ್‌ಗೆ ಹೋಗುತ್ತದೆ. ಫಾಸ್ಟ್‌ಲೇನ್‌ನ ಸ್ಪೇಸ್‌ಆತ್ ಕಮಾಂಡ್‌ನಿಂದ ಮಾಡಿಟ್ಟ ಲಾಗಿನ್ ಸೆಷನ್ ಕೂಡ ಹೆಚ್ಚೆಂದರೆ ಒಂದು ತಿಂಗಳು ಬಾಳುತ್ತದೆ. ಅದರ ಬದಲು ಆ್ಯಪ್ ಸ್ಟೋರ್ ಕನೆಕ್ಟ್‌ನಲ್ಲಿ ಎಪಿಐ ಕೀ (ಪಾಸ್‌ವರ್ಡ್ ಇಲ್ಲದೆ ಪ್ರೋಗ್ರಾಂ ಒಳಹೋಗಲು ಬಳಸುವ ಕೀ) ಮಾಡಿಕೊಳ್ಳಿ. ಕೀ ಐಡಿ, ಇಶ್ಯುಯರ್ ಐಡಿ, ಮತ್ತು ಪಿ8 ಫೈಲ್ ಈ ಮೂರು ಬೇಕು. ಪಿ8 ಫೈಲನ್ನು ಒಂದೇ ಸಲ ಇಳಿಸಿಕೊಳ್ಳಲು ಬಿಡುತ್ತಾರೆ. ಸಿಕ್ಕ ಕೂಡಲೇ ಭದ್ರವಾದ ಕಡೆ ಇಡಿ.

ಈ ಕೀ ಇಟ್ಟ ಮೇಲೆ 'ಇನ್‌ವ್ಯಾಲಿಡ್ ಕರ್ವ್ ನೇಮ್' ಎಂದು ಬಂದರೆ ಹೆದರಬೇಡಿ. ಕರ್ವ್‌ಗೂ ನಿಮಗೂ ಸಂಬಂಧವಿಲ್ಲ. ಪಿ8 ಫೈಲ್‌ನಲ್ಲಿ ಹಲವು ಸಾಲುಗಳಿವೆ. ಅದನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಅಂಟಿಸಿದಾಗ ಸಾಲು ಮುರಿಯುವ ಗುರುತುಗಳು ಹಾಳಾಗಿರುತ್ತವೆ. ಪೂರ್ತಿ ಫೈಲನ್ನು ಬೇಸ್64 ಮಾಡಿ ಒಂದೇ ಸಾಲಾಗಿಸಿ ಇಡಿ, 'ಈಸ್_ಕೀ_ಕಂಟೆಂಟ್_ಬೇಸ್64' ಎಂಬುದಕ್ಕೆ 'ಟ್ರೂ' ಕೊಡಿ.

ಕೀ ಸರಿ ಇದ್ದೂ 401 ಬರುತ್ತಿದ್ದರೆ ಯಂತ್ರದ ಗಡಿಯಾರ ನೋಡಿ. ಈ ಕೀಯಿಂದ ಹುಟ್ಟುವ ಟೋಕನ್‌ಗೆ ಹೆಚ್ಚೆಂದರೆ 20 ನಿಮಿಷ ಆಯಸ್ಸು. ಗಡಿಯಾರ ಅದಕ್ಕಿಂತ ಜಾಸ್ತಿ ಹಿಂದೆ ಬಿದ್ದಿದ್ದರೆ ಟೋಕನ್ ಹುಟ್ಟುವಾಗಲೇ ಸತ್ತಿರುತ್ತದೆ. 403 ಬಂದು ಜೊತೆಗೆ 'ಅಗ್ರಿಮೆಂಟ್' ಎಂಬ ಪದ ಇದ್ದರೆ ಟರ್ಮಿನಲ್ ಮುಚ್ಚಿ. ಆ್ಯಪಲ್ ಹೊಸ ಒಪ್ಪಂದ ಹೊರಡಿಸಿದೆ, ಅಕೌಂಟ್ ಹೋಲ್ಡರ್ ಇನ್ನೂ ಒಪ್ಪಿಲ್ಲ. ಅವರೊಬ್ಬರೇ ಲಾಗಿನ್ ಆಗಿ ಒಪ್ಪಬೇಕು, ಡೆವಲಪರ್‌ಗಳ ಕೈಯಲ್ಲಿ ಏನೂ ಇಲ್ಲ. ಆ ಅಕೌಂಟ್ ಹೋಲ್ಡರ್ ಯಾರು, ಅವರ ಫೋನ್ ನಂಬರ್ ಯಾವುದು ಎಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಬಿಲ್ಡ್ ನಂಬರ್ ಆಗಲೇ ಇದೆ ಎಂಬ ತಕರಾರು ಬಂದರೆ, ಟೆಸ್ಟ್‌ಫ್ಲೈಟ್‌ನಲ್ಲಿರುವ ಕೊನೆಯ ನಂಬರ್ ಕೇಳಿ ಒಂದು ಕೂಡಿಸುವ ಹೆಜ್ಜೆ ಫಾಸ್ಟ್‌ಲೇನ್‌ನಲ್ಲೇ ಇದೆ. ಆದರೆ ಎರಡು ಬಿಲ್ಡ್ ಒಟ್ಟಿಗೆ ಶುರುವಾದರೆ ಎರಡಕ್ಕೂ ಒಂದೇ ನಂಬರ್ ಸಿಗುತ್ತದೆ, ಎರಡನೆಯದು ಬೀಳುತ್ತದೆ. ಬಿಡುಗಡೆಯ ಲೇನ್ ಒಂದು ಸಲಕ್ಕೆ ಒಂದೇ ಓಡುವಂತೆ ಸರ್ವರ್‌ನಲ್ಲಿ ಕಟ್ಟು ಹಾಕಿ.

ಪ್ಲೇ ಸ್ಟೋರ್‌ನ ಬಾಗಿಲು

ಇಲ್ಲಿ ಮೊದಲ ಅಡ್ಡಿ ಹೊಸ ಆ್ಯಪ್‌ನದ್ದು. 'ಪ್ಯಾಕೇಜ್ ನಾಟ್ ಫೌಂಡ್' ಎಂದು ಬಂದರೆ ಆ್ಯಪ್‌ನ ಮೊದಲ ಬಿಲ್ಡ್ ಅನ್ನು ಇನ್ನೂ ಯಾರೂ ಕೈಯಾರೆ ಹಾಕಿಲ್ಲ. ಮೊದಲ ಸಲ ಪ್ಲೇ ಕನ್ಸೋಲ್‌ಗೆ ಹೋಗಿ ನೀವೇ ಅಪ್‌ಲೋಡ್ ಮಾಡಬೇಕು. ಅದಾದ ಮೇಲೂ ಆ್ಯಪ್ ಪ್ರಕಟವಾಗುವ ತನಕ ಡ್ರಾಫ್ಟ್ ಆಗಿಯೇ ಇರುತ್ತದೆ, ಅಲ್ಲಿಯವರೆಗೆ 'ರಿಲೀಸ್_ಸ್ಟೇಟಸ್' ಅನ್ನು 'ಡ್ರಾಫ್ಟ್' ಎಂದೇ ಕೊಡಬೇಕು. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆ ಹಳೆಯ ಎಪಿಕೆ ಫೈಲ್ ಬದಲು ಎಎಬಿ (ಆಂಡ್ರಾಯ್ಡ್ ಆ್ಯಪ್ ಬಂಡಲ್) ಕಡ್ಡಾಯ ಎಂಬುದೂ ನೆನಪಿರಲಿ.

'ದ ಕಾಲರ್ ಡಸ್ ನಾಟ್ ಹ್ಯಾವ್ ಪರ್ಮಿಷನ್' ಎಂದರೆ ಸರ್ವಿಸ್ ಅಕೌಂಟ್‌ಗೆ (ಮನುಷ್ಯನ ಬದಲು ಪ್ರೋಗ್ರಾಂ ಬಳಸುವ ಗೂಗಲ್ ಅಕೌಂಟ್) ಅಧಿಕಾರ ಸಿಕ್ಕಿಲ್ಲ. ಗೂಗಲ್ ಕ್ಲೌಡ್‌ನಲ್ಲಿ ಅಕೌಂಟ್ ಮಾಡಿ ಜೇಸನ್ ಕೀ ಇಳಿಸಿಕೊಂಡರೆ ಅರ್ಧ ಕೆಲಸ. ಉಳಿದರ್ಧ ಪ್ಲೇ ಕನ್ಸೋಲ್‌ನಲ್ಲಿದೆ. ಆ ಸರ್ವಿಸ್ ಅಕೌಂಟ್‌ನ ಇಮೇಲ್ ವಿಳಾಸವನ್ನು ಒಬ್ಬ ಮನುಷ್ಯನನ್ನು ಸೇರಿಸಿಕೊಂಡಂತೆಯೇ ಯೂಸರ್‌ಗಳ ಪಟ್ಟಿಗೆ ಸೇರಿಸಿ, ಯಾವ ಆ್ಯಪ್, ಏನೇನು ಮಾಡಬಹುದು ಎಂದು ಗುರುತು ಹಾಕಬೇಕು. ಕೀ ಸರಿ ಇದೆಯಾ ಎಂದು ನೋಡಲು 'ವ್ಯಾಲಿಡೇಟ್_ಪ್ಲೇ_ಸ್ಟೋರ್_ಜೇಸನ್_ಕೀ' ಎಂಬ ಹೆಜ್ಜೆ ಒಂದನ್ನೇ ಓಡಿಸಿ. ಅದು ಗೆದ್ದು ಅಪ್‌ಲೋಡ್ ಬಿದ್ದರೆ ಕೀ ಅಲ್ಲ, ಆ ಆ್ಯಪ್‌ನ ಅನುಮತಿ ನೋಡಿ.

ಕೀಸ್ಟೋರ್ (ಆಂಡ್ರಾಯ್ಡ್ ಸೈನಿಂಗ್ ಕೀ ಇರುವ ಫೈಲ್) ತಪ್ಪಾಗಿದೆ, ಬೇರೆ ಕೀಯಿಂದ ಸೈನ್ ಆಗಿದೆ ಎಂದರೆ, ಸರ್ವರ್ ಸದ್ದಿಲ್ಲದೆ ಡೀಬಗ್ ಕೀ ಬಳಸುತ್ತಿದೆಯಾ ಎಂದು ಮೊದಲು ನೋಡಿ. ಅಪ್‌ಲೋಡ್ ಕೀ ನಿಜವಾಗಿಯೂ ಕಳೆದುಹೋಗಿದ್ದರೂ ದಾರಿ ಇದೆ. ಪ್ಲೇ ಆ್ಯಪ್ ಸೈನಿಂಗ್ ಬಳಸುತ್ತಿದ್ದರೆ ಅಕೌಂಟ್ ಮಾಲೀಕರು ಕನ್ಸೋಲ್‌ನಿಂದಲೇ ಹೊಸ ಅಪ್‌ಲೋಡ್ ಕೀಗೆ ಕೇಳಿಕೊಳ್ಳಬಹುದು.

ಕನ್ನಡದಲ್ಲಿ ಪುಟ ಇಡುವವರಿಗೆ ಎರಡು ವಿಷಯ. ಕನ್ನಡದ ಫೋಲ್ಡರ್ ಹೆಸರು 'ಕೆಎನ್-ಐಎನ್', ಅದರೊಳಗಿನ ಚೇಂಜ್‌ಲಾಗ್ ಫೈಲ್‌ನ ಹೆಸರು ಆ ಬಿಲ್ಡ್‌ನ ವರ್ಷನ್ ಕೋಡ್ ಆಗಿರಬೇಕು. ಹೆಸರು ಹೊಂದದಿದ್ದರೆ ಅಪ್‌ಲೋಡ್ ಗೆಲ್ಲುತ್ತದೆ, ಟಿಪ್ಪಣಿ ಮಾತ್ರ ಹೋಗುವುದಿಲ್ಲ. 'ಡೀಫಾಲ್ಟ್' ಎಂಬ ಹೆಸರಿನಲ್ಲೊಂದು ಫೈಲ್ ಇಟ್ಟರೆ ಸಪ್ಲೈ ಅದನ್ನು ತೆಗೆದುಕೊಳ್ಳುತ್ತದೆ. ಇನ್ನೊಂದು, ಮಿತಿ. ಆ್ಯಪ್ ಹೆಸರಿಗೆ 30, ಚಿಕ್ಕ ವಿವರಣೆಗೆ 80, ಬಿಡುಗಡೆಯ ಟಿಪ್ಪಣಿಗೆ 500. ಮೇಲೆ ಹೇಳಿದ 'ಕ್ಷೇ' ನೆನಪಿದೆಯಲ್ಲ? ಕಣ್ಣಿಗೆ ಹದಿನೈದು ಅಕ್ಷರ ಕಂಡ ಹೆಸರು ಎಣಿಕೆಯಲ್ಲಿ 30 ದಾಟಬಹುದು. ಒತ್ತಕ್ಷರ ಜಾಸ್ತಿ ಇದ್ದರೆ ಬೇಗ ತುಂಬುತ್ತದೆ. ಕಳಿಸುವ ಮೊದಲು ಗುರುತುಗಳನ್ನು ಎಣಿಸುವ ಒಂದು ಸಾಲನ್ನು ಲೇನ್‌ನಲ್ಲೇ ಬರೆದುಬಿಡಿ.

ಇಷ್ಟೆಲ್ಲ ಆದ ಮೇಲೂ ಬಗೆಹರಿಯದಿದ್ದರೆ ಬೇರೆಯವರನ್ನು ಕೇಳಿ. ಕೇಳುವಾಗ ಮೂರು ಜೊತೆಗಿರಲಿ: ನಿಂತ ಹೆಜ್ಜೆಯ ಹೆಸರು, ಲಾಗ್‌ನಲ್ಲಿ ಬಂದ ಮೊದಲ ಎರರ್, ಮತ್ತು 'ಫಾಸ್ಟ್‌ಲೇನ್ ಎನ್ವ್' ಕೊಟ್ಟ ಪಟ್ಟಿ. ಕೊನೆಯ ಸಲ ಗೆದ್ದ ಬಿಲ್ಡ್‌ನ ಲಾಗ್ ಸಿಕ್ಕರೆ ಅದೂ ಇರಲಿ, ಎರಡನ್ನೂ ಹೋಲಿಸಿದರೆ ಎಷ್ಟೋ ಸಲ ಅಲ್ಲೇ ಉತ್ತರ ಕಾಣುತ್ತದೆ. ಕಳಿಸುವ ಮೊದಲು ಲಾಗ್ ಪೂರ್ತಿ ಓದಿ. ವರ್ಬೋಸ್ ಲಾಗ್‌ನಲ್ಲಿ ಪಾಸ್‌ವರ್ಡ್, ಟೋಕನ್, ಫೈಲ್‌ಗಳ ದಾರಿ ಎಲ್ಲ ಬಿದ್ದಿರಬಹುದು. ಒಂದು ವೇಳೆ ಕೀ ಹೊರಗೆ ಹೋಗಿದ್ದರೆ ಸಂದೇಶ ಅಳಿಸಿದರೆ ಸಾಲದು, ಬಿಲ್ಡ್ ಪಕ್ಕಕ್ಕಿಟ್ಟು ಮೊದಲು ಆ ಕೀಯನ್ನು ರದ್ದು ಮಾಡಿ.